ಹಳೆಯ ಸೊಂಟನೋವಿಗೆ ಕರೆಂಟ್, ಶಾಖ, ನಡಿಗೆ, ಮೆದುಳಿನ ಮರುಕಲಿಕೆ: ಬಳಸಿ ನೋಡಿದ ಹೋಲಿಕೆ

ಮೂರು ತಿಂಗಳು ದಾಟಿದ ಸೊಂಟನೋವಿಗೆ ಮಂಗಳೂರಿನಲ್ಲಿ ದಾರಿಗಳ ಕೊರತೆಯಿಲ್ಲ. ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗಿ ಕರೆಂಟ್ ಕೊಡಿಸಿಕೊಳ್ಳಬಹುದು, ಅದೇ ಯಂತ್ರವನ್ನು ಮನೆಗೆ ತರಿಸಬಹುದು. ಬಿಸಿನೀರಿನ ಚೀಲ ಇಡಬಹುದು, ಬೆಲ್ಟ್ ಕಟ್ಟಬಹುದು, ಮಾತ್ರೆ ನುಂಗಬಹುದು, ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ನಡೆಯಬಹುದು. ಈಚೆಗೆ, ನೋವನ್ನು ಅಪಾಯವೆಂದು ಓದದಂತೆ ಮೆದುಳಿಗೆ ಮತ್ತೆ ಕಲಿಸುವ ಮರುಕಲಿಕೆ ಎಂಬುದೂ ಸೇರಿದೆ. ಇವನ್ನೆಲ್ಲ ನಮ್ಮ ಬೆನ್ನಿನ ಮೇಲೂ ಫಿಸಿಯೋಥೆರಪಿಗೆ ನಮ್ಮಲ್ಲಿಗೆ ಬರುವವರ ಬೆನ್ನಿನ ಮೇಲೂ ಬಳಸಿ ನೋಡುವಾಗ ಇಟ್ಟುಕೊಂಡ ಅಳತೆ ಎರಡು: ಬಳಸಿದ ಒಂದು ಗಂಟೆಯೊಳಗೆ ನೋವು ಎಷ್ಟು ಇಳಿಯಿತು, ಆರು ತಿಂಗಳ ಮೇಲೆ ಆ ವ್ಯಕ್ತಿ ಏನೇನು ಕೆಲಸ ಮಾಡುತ್ತಿದ್ದಾರೆ. ಮೊದಲನೆಯದರಲ್ಲಿ ಮುಂದಿರುವುದು ಎರಡನೆಯದರಲ್ಲಿ ಹಿಂದೆ ಬೀಳುತ್ತದೆ. ಅಂಗಡಿಯಲ್ಲಿ ಮಾರಾಟಕ್ಕಿರುವುದೆಲ್ಲ ಮೊದಲನೆಯ ಅಳತೆಯ ಸಾಮಾನು.

ಈ ಹೋಲಿಕೆ ಎಲ್ಲ ಬೆನ್ನಿಗೂ ಅಲ್ಲ. ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದಿದ್ದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೋ ಗಡ್ಡೆಯೋ ಅಲ್ಲವೆಂದು ಮೊದಲು ಖಚಿತವಾಗಬೇಕು. ಕ್ಷಯಕ್ಕೆ ಶಾಖ ಕೊಡುತ್ತ ತಿಂಗಳು ಕಳೆದವರು ನಮ್ಮ ಜಿಲ್ಲೆಗಳಲ್ಲಿ ಅಪರೂಪವೇನಲ್ಲ.

ಹಾಗೆಂದು ಎಂಆರ್‌ಐ ವರದಿ ಹಿಡಿದುಕೊಂಡೇ ಬದುಕಬೇಕಾಗಿಲ್ಲ. "ಡಿಸ್ಕ್ ಉಬ್ಬಿದೆಯಂತೆ, ಗ್ಯಾಪ್ ಬಂದಿದೆಯಂತೆ" ಎನ್ನುತ್ತ ಬರುವವರೇ ಹೆಚ್ಚು (ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ). ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಪರಿಶೀಲನೆಯಲ್ಲಿ, 50 ವರ್ಷದವರಲ್ಲಿ ಶೇ. 80 ಮಂದಿಗೆ ಡಿಸ್ಕ್ ಸವೆತ, ಶೇ. 60 ಮಂದಿಗೆ ಡಿಸ್ಕ್ ಉಬ್ಬು ಕಂಡಿತ್ತು. 20 ವರ್ಷದವರಲ್ಲೇ ಸವೆತ ಶೇ. 37. ತಲೆ ನರೆಯುವುದಕ್ಕಿಂತ ಹೆಚ್ಚಿನ ಅರ್ಥ ಇದಕ್ಕೆ ಬಹುಪಾಲು ಇರುವುದಿಲ್ಲ.

ಗಾಯ ಮಾಸಿದ ಮೇಲೂ ನೋವು ಏಕೆ ನಿಲ್ಲುತ್ತದೆ? ಪೆಟ್ಟಿನ ಸುದ್ದಿ ಮತ್ತೆ ಮತ್ತೆ ಬಂದಾಗ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ ಎಂದು ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ತೋರಿಸಿದರು. ಮೆದುಳಿನ ಕಡೆ ನೋಡಿದರೆ, 2013ರಲ್ಲಿ ಶಿಕಾಗೋದ ಸಂಶೋಧಕರು ಹೊಸ ಸೊಂಟನೋವನ್ನೂ ವರ್ಷಗಟ್ಟಲೆ ಹಳತಾದದ್ದನ್ನೂ, ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್‌ನಲ್ಲಿ ಹೋಲಿಸಿದರು. ಹೊಸದು ಪೆಟ್ಟನ್ನು ಗುರುತಿಸುವ ಭಾಗಗಳಲ್ಲಿ ಕಾಣುತ್ತಿತ್ತು, ಹಳೆಯದು ಭಾವನೆಯ ಜಾಲಕ್ಕೆ ಸರಿದಿತ್ತು. ಇನ್ನು ಮುಂದಿನ ಹೋಲಿಕೆಯನ್ನು ಇದನ್ನಿಟ್ಟುಕೊಂಡೇ ಓದಬೇಕು, ಏಕೆಂದರೆ ಪ್ರತಿಯೊಂದು ದಾರಿಯೂ ಈ ಸರಣಿಯ ಬೇರೆ ಬೇರೆ ಕಡೆ ಕೈಹಾಕುತ್ತದೆ.

ಟೆನ್ಸ್, ಅಂದರೆ ಮನೆಯ ಕರೆಂಟ್

ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹರಿಸಿ ನೋವು ತಗ್ಗಿಸುವ ಯಂತ್ರ ಇದು. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಗೇಟ್ ಸಿದ್ಧಾಂತ ಇದರ ತಳಹದಿ: ಸ್ಪರ್ಶದ ದಪ್ಪ ನರಗಳು ಚುರುಕಾದರೆ ನೋವಿನ ಸಣ್ಣ ನರಗಳ ಸುದ್ದಿಗೆ ಬೆನ್ನುಹುರಿಯಲ್ಲೇ ತಡೆ ಬೀಳುತ್ತದೆ. ಜೊತೆಗೆ ನೋವು ತಗ್ಗಿಸುವ, ದೇಹದ್ದೇ ಆದ ಓಪಿಯಾಯ್ಡ್ ವ್ಯವಸ್ಥೆಯೂ ಎಚ್ಚರಗೊಳ್ಳುತ್ತದೆ ಎಂದು ನಂತರ ತಿಳಿಯಿತು.

ಎರಡು ಚಾನೆಲ್, ನಾಲ್ಕು ಪ್ಯಾಡ್ ಇರುವ ಯಂತ್ರ ಸಾಕು. ಪ್ಯಾಡ್ 5 ಸೆಂ.ಮೀ. ಚೌಕದ್ದಿರಲಿ. ನೋಯುವ ಜಾಗದ ಎರಡೂ ಬದಿಗೆ ಎರಡೆರಡು ಅಂಟಿಸಿ, ನಡುವೆ ಕನಿಷ್ಠ ಎರಡು ಬೆರಳು ಅಂತರ ಬಿಡಿ. ಆವರ್ತನ 100 ಹರ್ಟ್ಜ್ ಆಸುಪಾಸು, ಪಲ್ಸ್ ಅಗಲ 150ರಿಂದ 200 ಮೈಕ್ರೋಸೆಕೆಂಡ್, ಸಮಯ 30 ನಿಮಿಷ. ಎಲ್ಲರೂ ಎಡವುವುದು ತೀವ್ರತೆಯಲ್ಲಿ. ಜುಮುಜುಮು ಶುರುವಾದ ಕೂಡಲೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಬಲವಾಗಿ ಅನಿಸಬೇಕು, ಆದರೆ ನೋಯಬಾರದು. ಹತ್ತು ನಿಮಿಷಕ್ಕೆ ಚರ್ಮ ಒಗ್ಗಿಕೊಂಡು ಅನುಭವ ಮಂಕಾಗುತ್ತದೆ, ಆಗ ಇನ್ನೊಂದು ಹೆಜ್ಜೆ ಏರಿಸಬೇಕು.

ಕರಾವಳಿಯಲ್ಲಿ ಇದಕ್ಕೆ ತನ್ನದೇ ಆದ ತಾಪತ್ರಯಗಳಿವೆ. ಬೆವರು ಮತ್ತು ತೆಂಗಿನೆಣ್ಣೆ ಇದ್ದಲ್ಲಿ ಪ್ಯಾಡ್ ಅಂಚು ಎದ್ದುಬಿಡುತ್ತದೆ. ಉಳಿದ ಚೂರು ಜಾಗದಲ್ಲೇ ಕರೆಂಟೆಲ್ಲ ಹರಿದು ಸೂಜಿ ಚುಚ್ಚಿದಂತಾಗುತ್ತದೆ, ಕೆಲವೊಮ್ಮೆ ಚರ್ಮ ಕೆಂಪಗೆ ಸುಡುತ್ತದೆ. ಸೋಪು ಹಾಕಿ ತೊಳೆದು, ಒರಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಬೇಕು. ಬಳಸಿದ ಪ್ಯಾಡನ್ನು ಅದರ ಪ್ಲಾಸ್ಟಿಕ್ ಹಾಳೆಗೇ ಮರಳಿಸಿ ಚೀಲದಲ್ಲಿ ಮುಚ್ಚಿಡಿ. ಅಂಟು ಹೋದ ಪ್ಯಾಡಿಗೆ ಸೆಲ್ಲೋಟೇಪ್ ಸುತ್ತುವವರಿದ್ದಾರೆ. ದಯವಿಟ್ಟು ಬೇಡ, ಹೊಸದು ತನ್ನಿ. ಪೇಸ್‌ಮೇಕರ್ ಇರುವವರಿಗೆ ಟೆನ್ಸ್ ಬೇಡ, ಗರ್ಭಿಣಿಯರಿಗೆ ಹೊಟ್ಟೆ ಸೊಂಟದ ಮೇಲೆ ಬೇಡ, ಕುತ್ತಿಗೆಯ ಮುಂಭಾಗದಲ್ಲಿ ಯಾರಿಗೂ ಬೇಡ.

ಇನ್ನು ತೀರ್ಪು. ಯಂತ್ರ ಓಡುತ್ತಿರುವಷ್ಟು ಹೊತ್ತು ಮತ್ತು ಆಮೇಲೆ ಸ್ವಲ್ಪ ಹೊತ್ತು ಪರಿಹಾರ ಸಿಗುತ್ತದೆ. ದಿನವೂ ಒಂದೇ ಆವರ್ತನ, ಒಂದೇ ತೀವ್ರತೆ ಇಟ್ಟರೆ ಅದೂ ಸವೆಯುತ್ತದೆ, ನರವ್ಯೂಹ ಒಗ್ಗಿಬಿಡುತ್ತದೆ. ಹಾಗಾಗಿ ಕಡಿಮೆ ಮತ್ತು ಹೆಚ್ಚು ಆವರ್ತನ ಬದಲಾಗುತ್ತಿರುವ ಮೋಡ್ ಇದ್ದರೆ ಅದೇ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರತಂದ ಹಳೆಯ ಸೊಂಟನೋವಿನ ಮಾರ್ಗಸೂಚಿಯಲ್ಲಿ ಟೆನ್ಸ್, ಅಲ್ಟ್ರಾಸೌಂಡ್ ಚಿಕಿತ್ಸೆ, ಟ್ರಾಕ್ಷನ್ (ಸೊಂಟ ಎಳೆಯುವುದು), ಬೆಲ್ಟ್ ನಾಲ್ಕನ್ನೂ ವಾಡಿಕೆಯಾಗಿ ಬಳಸಬೇಡಿ ಎಂದಿದೆ. ನಮ್ಮ ಫಿಸಿಯೋಥೆರಪಿ ಕೋಣೆಗಳಲ್ಲಿ ಅತಿ ಹೆಚ್ಚು ಹೊತ್ತು ನುಂಗುವ ನಾಲ್ಕೂ ಅವೇ ಎಂಬುದು ನಮ್ಮ ವೃತ್ತಿಯವರು ಅರಗಿಸಿಕೊಳ್ಳಬೇಕಾದ ಮಾತು. ಸೊಂಟಕ್ಕೆಂದೇ ಯಂತ್ರ ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಈಗಾಗಲೇ ಇದ್ದರೆ ಮಲಗಿಕೊಂಡು ಬಳಸಬೇಡಿ, ನಡೆಯುವಾಗ ಅಥವಾ ಅಡುಗೆ ಮಾಡುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇದ್ದ 301 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಟೆನ್ಸ್‌ನ ಲಾಭವನ್ನು ಮುಖ್ಯವಾಗಿ ಅಳೆದು ಕಂಡದ್ದೂ ಚಲಿಸುವಾಗಿನ ನೋವಿನಲ್ಲಿ.

ಶಾಖ

ಅಗ್ಗ, ಹಿತ, ಬೆಳಗಿನ ಬಿಗಿತಕ್ಕೆ ಟೆನ್ಸ್‌ಗಿಂತ ವಾಸಿ. ರಬ್ಬರ್ ಚೀಲವನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಗಾಳಿ ಹಿಂಡಿ ತೆಗೆದು, ಬೈರಾಸಿನಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟರೆ ಸಾಕು. ಕುದಿಯುವ ನೀರು ಬೇಡ. ಚರ್ಮದ ಟಿಆರ್‌ಪಿವಿ1 ಎಂಬ ಗ್ರಾಹಕ 43 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆದುಕೊಂಡು ನೋವಿನ ಸುದ್ದಿಯನ್ನೇ ಕಳಿಸುತ್ತದೆ (ಇದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಸಿಕ್ಕಿತು). "ಚುರುಚುರು ಅಂದರೇ ಒಳ್ಳೆಯದು" ಎಂಬ ನಂಬಿಕೆ ಇಲ್ಲಿ ತಿರುಗುಬಾಣ.

ಚೀಲದ ಮೇಲೆ ಮಲಗಬಾರದು, ಒತ್ತಡಕ್ಕೆ ರಕ್ತ ಓಡಾಟ ತಗ್ಗಿ ಸುಟ್ಟದ್ದೇ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರು ಮೊದಲು ಮನೆಯವರ ಮುಂಗೈ ಮೇಲೆ ಇಟ್ಟು ನೋಡಿಸಲಿ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಬೇಡ. ತಿಂಗಳುಗಟ್ಟಲೆ ಒಂದೇ ಕಡೆ ಇಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡುತ್ತದೆ. ಅದು ಕಂಡರೆ ನಿಲ್ಲಿಸಿ. ನಡಿಗೆಗೆ ಮುಂಚಿನ ಕಾಲು ಗಂಟೆ ಇದಕ್ಕೆ ಸರಿಯಾದ ಹೊತ್ತು.

ನಡಿಗೆ

ಮೊದಲ ಎರಡು ವಾರ ಇದು ಎಲ್ಲದಕ್ಕಿಂತ ಹಿಂದೆ. ಆರು ತಿಂಗಳ ಅಳತೆಯಲ್ಲಿ, ಖರ್ಚನ್ನೂ ಲೆಕ್ಕ ಹಾಕಿದರೆ, ಇದೇ ಮುಂದೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡವರಿಗೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡಿಗೆ ಕಲಿಸಲಾಯಿತು. ನಡೆದವರಿಗೆ ನೋವು ಮರುಕಳಿಸಲು ಮಧ್ಯಮಾಂಕ 208 ದಿನ ಹಿಡಿದರೆ, ನಡೆಯದವರಿಗೆ 112 ದಿನ. ಚೇತರಿಸಿಕೊಂಡವರ ಲೆಕ್ಕ ಅದು, ನೋವಿನಲ್ಲೇ ಇರುವವರಿಗೆ ಹಾಗೆಯೇ ಅನ್ವಯಿಸಲಾಗದು. ನೋವಿನಲ್ಲಿರುವವರಿಗೆ ಬೇಕಾದದ್ದು ಪ್ರಮಾಣ ಕಟ್ಟಿಕೊಂಡು ನಡೆಯುವುದು, ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ 1970ರ ದಶಕದಲ್ಲೇ ರೂಪಿಸಿದ್ದರು.

ಕ್ರಮ ಹೀಗೆ. ಮೂರು ದಿನ ಸಮತಟ್ಟು ದಾರಿಯಲ್ಲಿ ನಡೆದು, ನೋವು ಸ್ಪಷ್ಟವಾಗಿ ಏರುವ ಹೊತ್ತಿನ ನಿಮಿಷ ಬರೆದುಕೊಳ್ಳಿ. 14, 10, 12 ಬಂತೆನ್ನಿ, ಸರಾಸರಿ 12. ಅದರ ಐದನೇ ಒಂದು ಭಾಗ ಕಳೆದರೆ ಹೆಚ್ಚುಕಡಿಮೆ 10. ಮೊದಲ ವಾರ ದಿನಕ್ಕೆ 10 ನಿಮಿಷ, ನೋವಿಲ್ಲದ ದಿನವೂ 10, ನೋವಿದ್ದ ದಿನವೂ 10. ವಾರಕ್ಕೆ ಒಂದೋ ಎರಡೋ ನಿಮಿಷ ಏರಿಸಿ. 30 ನಿಮಿಷ, ವಾರಕ್ಕೆ ಐದು ದಿನ ಎಂಬಲ್ಲಿ ನಿಲ್ಲಿ. ನಿಲ್ಲಿಸುವ ಹೊತ್ತನ್ನು ಗಡಿಯಾರ ಹೇಳಬೇಕು, ನೋವಲ್ಲ. ನೋವು ಹೇಳಿದಾಗಲೆಲ್ಲ ನಿಂತರೆ, ಚಲನೆ ಅಂದರೆ ಅಪಾಯ ಎಂಬ ಪಾಠವನ್ನು ಮೆದುಳಿಗೆ ದಿನವೂ ಒಪ್ಪಿಸಿದಂತೆ.

ಕೆಡುವುದು ಎಲ್ಲಿ? ನೋವು ಕಡಿಮೆಯಿದ್ದ ದಿನ ಅಂಗಳವಿಡೀ ಗುಡಿಸಿ, ಬಟ್ಟೆ ಒಗೆದು, ರಾತ್ರಿ ನೇಮಕ್ಕೂ ಹೋಗಿ ಬಂದರೆ ಮುಂದಿನ ಮೂರು ದಿನ ಹಾಸಿಗೆ. ಆಮೇಲೆ "ನಡೆದದ್ದೇ ತಪ್ಪಾಯಿತು ಮಾರಾಯ್ರೆ" ಎಂಬ ತೀರ್ಮಾನ. ದಾರಿಯೂ ಮುಖ್ಯ. ಹಂಪನಕಟ್ಟೆಯಿಂದ ಬಾವುಟಗುಡ್ಡೆ ಏರುವ 10 ನಿಮಿಷವೂ ಕದ್ರಿ ಪಾರ್ಕಿನ 10 ನಿಮಿಷವೂ ಒಂದೇ ಅಲ್ಲ. ತಣ್ಣೀರುಬಾವಿ, ಮಲ್ಪೆಯ ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಹಾಗಾಗಿ ಬೀಚಿಗೆ ಹೋದ ದಿನ ನಿಮಿಷ ಅರ್ಧ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ನೆಪ ಇದ್ದೇ ಇದೆ. ಚಾವಡಿಯಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೋ ಸುತ್ತು ಹಾಕಿದರೂ ಲೆಕ್ಕಕ್ಕೆ ಬರುತ್ತದೆ.

ಮರುದಿನ ಬೆಳಗ್ಗೆ ನೋವು ಹತ್ತರಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಏರಿ ಒಂದು ದಿನದಲ್ಲಿ ಇಳಿಯದಿದ್ದರೆ ಹಿಂದಿನ ವಾರದ ನಿಮಿಷಕ್ಕೆ ಮರಳಿ. ಪೂರ್ತಿ ನಿಲ್ಲಿಸಬೇಡಿ.

ಮೆದುಳಿನ ಮರುಕಲಿಕೆ

2021ರಲ್ಲಿ ಪ್ರಕಟವಾದ ಕೊಲರಾಡೊದ ಪ್ರಯೋಗದಿಂದ ಇದು ಸುದ್ದಿಯಾಯಿತು. 151 ಜನ, ನಾಲ್ಕು ವಾರದಲ್ಲಿ ಎಂಟು ಭೇಟಿ. ಕೊನೆಗೆ ಈ ಗುಂಪಿನ ಶೇ. 66 ಮಂದಿ ನೋವಿಲ್ಲದವರು ಅಥವಾ ಬಹುತೇಕ ಇಲ್ಲದವರಾದರು. ಹುಸಿಮದ್ದಿನ ಚುಚ್ಚುಮದ್ದು ಪಡೆದವರಲ್ಲಿ ಅದು ಶೇ. 20, ಎಂದಿನ ಆರೈಕೆಯವರಲ್ಲಿ ಶೇ. 10. ಬೆನ್ನುನೋವು ಬರಿಸಿ ಸ್ಕ್ಯಾನ್ ಮಾಡಿದಾಗ ಮೆದುಳಿನಲ್ಲಿ ನೋವಿಗೆ ಸ್ಪಂದಿಸುವ ಮುಂಭಾಗದ ಇನ್ಸುಲಾ, ಮಧ್ಯ ಸಿಂಗ್ಯುಲೇಟ್ ಭಾಗಗಳ ಪ್ರತಿಕ್ರಿಯೆಯೂ ತಗ್ಗಿತ್ತು. ಆದರೆ ಅವರೆಲ್ಲ ಸಾಧಾರಣ ಮಟ್ಟದ ನೋವಿನವರು, ಹೆಚ್ಚಿನವರು ಓದಿದವರು. ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಕೂರುವವರಿಗೆ, ಬೀಡಿ ಕಟ್ಟುವವರಿಗೆ ಅದೇ ಶೇಕಡಾವಾರು ಬರುತ್ತದೆಂದು ನಾವು ಹೇಳುವುದಿಲ್ಲ.

ಯಾರಿಗೆ ಹೊಂದುತ್ತದೆ? ನೋವು ಜಾಗ ಬದಲಿಸುವುದು, ಹೊರೆಗೂ ನೋವಿಗೂ ತಾಳೆಯಿಲ್ಲದಿರುವುದು, ಒಂದು ನಿರ್ದಿಷ್ಟ ಕುರ್ಚಿ ಕಂಡರೇ ನೋವು ಶುರುವಾಗುವುದು, ಸಂಕಟದ ದಿನಗಳಲ್ಲಿ ಆರಂಭವಾದದ್ದು ಇಂಥವರಿಗೆ. ಅಭ್ಯಾಸ ಸರಳ: ನೋವು ಸಾಧಾರಣ ಇರುವ ಹೊತ್ತಿನಲ್ಲಿ ಐದರಿಂದ ಹತ್ತು ನಿಮಿಷ ಕೂತು ಅದನ್ನು ಗಮನಿಸುವುದು. ಎಲ್ಲಿದೆ, ಎಷ್ಟು ಅಗಲ, ಬಿಸಿಯೋ ಬಿಗಿಯೋ. ಮೂಳೆ, ಡಿಸ್ಕಿಗೆ ಏನೂ ಆಗುತ್ತಿಲ್ಲವೆಂದು ತನಗೇ ಹೇಳಿಕೊಳ್ಳುವುದು. ಇಳಿಸುವ ಗುರಿ ಇರಬಾರದು. "ಇಳಿಯಿತಾ?" ಎಂದು ಪ್ರತಿ ನಿಮಿಷ ತಪಾಸಣೆ ಮಾಡಿದರೆ ಅದು ಇನ್ನೊಂದು ಬಗೆಯ ಕಾವಲೇ ಆಗಿ ನೋವು ಏರುತ್ತದೆ. ತೀವ್ರ ನೋವಿನ ದಿನ ಇದನ್ನು ಬಿಟ್ಟು ಶಾಖ ಇಟ್ಟುಕೊಳ್ಳಿ.

ಇದು ನೆಲಕಚ್ಚುವುದು ವಿವರಿಸುವ ಹಂತದಲ್ಲಿ. ನೋವು ಮೆದುಳಿನಲ್ಲಿ ಹುಟ್ಟುತ್ತದೆ ಎಂದೊಡನೆ ಜೊತೆಗೆ ಬಂದ ಅತ್ತೆಗೆ "ಸೊಸೆಯದು ನಾಟಕ" ಎಂದೇ ಕೇಳಿಸುತ್ತದೆ. ಮೊದಲ ಭೇಟಿಯಲ್ಲೇ ಮನೆಯವರನ್ನೂ ಕೂರಿಸಿ, ನೋವು ನಿಜ, ಕಾರಣ ಮಾತ್ರ ಮೂಳೆಯಲ್ಲಿಲ್ಲ ಎಂದು ಹೇಳದಿದ್ದರೆ ಎರಡನೇ ಭೇಟಿಗೆ ಯಾರೂ ಬರುವುದಿಲ್ಲ.

ಕೂತು ಗಮನಿಸುವುದು ಒಗ್ಗದವರಿಗೆ ಇದರದೇ ಇನ್ನೊಂದು ರೂಪ ಮೇಲು: ಹೆದರಿ ಬಿಟ್ಟ ಕೆಲಸವನ್ನೇ ಸಣ್ಣದಾಗಿ ಮತ್ತೆ ಹಿಡಿಯುವುದು. ಹೆರೆಮಣೆಯಲ್ಲಿ ಕೂತು ತುರಿಯುವುದು ಕಾಯಿಯ ಅರ್ಧ ಹೋಳು, ಹೊಟ್ಟೆ ಬಿಗಿ ಹಿಡಿಯದೆ, ಉಸಿರು ಬಿಡುತ್ತ. ಆ ವಾರ ಸರಿಹೋದರೆ ಮುಂದೆ ಪೂರ್ತಿ ಹೋಳು. 492 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಮಾದರಿಯ ಚಿಕಿತ್ಸೆಯ ಲಾಭ ಒಂದು ವರ್ಷದ ಮೇಲೂ ಉಳಿದಿತ್ತು. ನಮ್ಮ ಕಡೆ ನಡಿಗೆಯ ಜೊತೆ ಸೇರಿಸಲು ನಾವು ಆರಿಸುವುದು ಇದನ್ನೇ.

ಬೆಲ್ಟ್, ಮಾತ್ರೆ

ಬೆಲ್ಟ್: ಹಳೆಯ ನೋವಿಗೆ ಬೇಡ. ಮುಂಗಾರಿನಲ್ಲಿ ಒದ್ದೆಯಾಗಿ ಚರ್ಮಕ್ಕೆ ಫಂಗಸ್ ಬರುವುದು ಬೇರೆ.

ಪ್ರೆಗಾಬಲಿನ್ ಎಂಬ ಮಾತ್ರೆ ಸಕ್ಕರೆ ಕಾಯಿಲೆಯ ನರನೋವಿಗೆ ಕೆಲಸಕ್ಕೆ ಬರುತ್ತದೆ. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾಕ್ಕೆ 2017ರ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಮೇಲಾಗಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಸ್ಕೂಟರ್ ಓಡಿಸುವವರು ಇದನ್ನು ಗಮನದಲ್ಲಿಡಿ. ಈಗಾಗಲೇ ತಿಂಗಳುಗಳಿಂದ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನಾಳೆಯಿಂದಲೇ ನಿಲ್ಲಿಸಬಾರದು. ಎಷ್ಟೆಷ್ಟು ಇಳಿಸಬೇಕೆಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.