ನಾಲ್ಕು ಬಾಡಿಗೆ ಮನೆ, ಒಂದೇ ನೀರಿನ ಬಿಲ್ಲು: ಹಂಚುವ ಮೂರು ರೀತಿಗಳ ಹೋಲಿಕೆ

ಬೆಂಗಳೂರಿನ ಬಾಡಿಗೆ ಕಟ್ಟಡಗಳಲ್ಲಿ ಕರೆಂಟಿಗೆ ಸಾಮಾನ್ಯವಾಗಿ ಜಗಳವಿಲ್ಲ, ಮನೆಗೊಂದು ಬೆಸ್ಕಾಂ ಮೀಟರ್ ಇರುತ್ತದೆ. ತಕರಾರೆಲ್ಲ ನೀರಿನದು. ಕಾವೇರಿ ಸಂಪರ್ಕ ಒಂದೇ, ಸಂಪು ಒಂದೇ, ಬಿಲ್ಲೂ ಒಂದೇ. ಮೂರು ರೀತಿಯಲ್ಲೂ ಹಂಚಿ ನೋಡಿದ ಮೇಲೆ ಬರೆದದ್ದು ಇದು.

ಬಾಡಿಗೆ ಜೊತೆ ನಿಗದಿ ಮೊತ್ತ. ವಸೂಲಿ ಸಲೀಸು, ಟ್ಯಾಂಕರ್ ತರಿಸುವವರೆಗೆ ಮಾತ್ರ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಮನೆಯ ಹದಿನಾರು ಜನಕ್ಕೆ 2,160 ಲೀಟರ್ ಬೇಕು. ಅಂದರೆ 12,000 ಲೀಟರಿನ ಟ್ಯಾಂಕರ್ ಐದೂವರೆ ದಿನಕ್ಕೆ ಖಾಲಿ. ಬೇಸಿಗೆಯ ಆ ಹೊರೆ ಪೂರ್ತಿ ಮಾಲೀಕರ ತಲೆ ಮೇಲೆ.

ತಲೆ ಲೆಕ್ಕ. ಇದು ಪರವಾಗಿಲ್ಲ. ಆದರೆ ಯಾರನ್ನು ತಲೆ ಅಂತ ಎಣಿಸಬೇಕು? ಬಾಣಂತನಕ್ಕೆ ಬಂದ ಮಗಳು, ಎರಡು ತಿಂಗಳು ಉಳಿದ ಅತ್ತೆ, ಇವರ ವಿಷಯಕ್ಕೇ ಮನಸ್ತಾಪ. ಹದಿನೈದು ದಿನ ದಾಟಿದವರು ಒಂದು ತಲೆ, ಐದು ವರ್ಷದೊಳಗಿನ ಮಗು ಅರ್ಧ ಎಂದು ಕರಾರಿನಲ್ಲೇ ಬರೆಯಿಸಿ.

ಈ ಎರಡು ರೀತಿಗಳಲ್ಲೂ ಒಂದು ದೊಡ್ಡ ಕೊರತೆ ಇದೆ: ಸೋರಿಕೆ ಯಾರಿಗೂ ಕಾಣಿಸುವುದಿಲ್ಲ. ಕಮೋಡಿನ ಫ್ಲಶ್‌ನಿಂದ ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿ ಜಾರಿದರೂ ದಿನಕ್ಕೆ 288 ಲೀಟರ್ ಹೋಗುತ್ತದೆ. ಇಬ್ಬರ ಬಳಕೆಗಿಂತ ಜಾಸ್ತಿ!

ಮನೆಗೊಂದು ನೀರಿನ ಮೀಟರ್. ನಮ್ಮ ಆಯ್ಕೆ ಇದೇ, ಆದರೆ ಮೊದಲು ತಾರಸಿ ಹತ್ತಿ ಪೈಪು ಎಣಿಸಿ. ಹಳೇ ಕಟ್ಟಡಗಳಲ್ಲಿ ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು ಬೇರೆಬೇರೆ ಲೈನ್ ಇಳಿದಿರುತ್ತವೆ. ಹಾಗಿದ್ದರೆ ಪ್ರತಿ ಲೈನಿಗೂ ಮೀಟರ್ ಬೇಕು, ಖರ್ಚು ದುಪ್ಪಟ್ಟು. ಎಲ್ಲ ಮನೆಗೂ ಸೇರಿ ಒಂದೇ ಸೋಲಾರ್ ಇದ್ದರೆ ಬಿಸಿನೀರಿನ ಲೈನಿಗೂ ಬೇಕು; ಅಲ್ಲಿ ತಣ್ಣೀರಿನ ಮೀಟರ್ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಭಾಗ ಹಾಳಾಗುತ್ತದೆ, ಬಿಸಿನೀರಿನದ್ದೇ ಕೇಳಿ ತನ್ನಿ.

ಅರ್ಧ ಇಂಚಿನ ಮೀಟರ್ ಕೆಳಗಿನ ಮನೆಗಳಿಗೆ ಸಾಕು. ಟ್ಯಾಂಕಿನ ನೇರ ಕೆಳಗಿರುವ ಮೇಲಂತಸ್ತಿಗೆ ಮೊದಲೇ ಒತ್ತಡ ಕಡಿಮೆ, ಅಲ್ಲಿಗೆ ಮುಕ್ಕಾಲು ಇಂಚಿನದು ಹಾಕದಿದ್ದರೆ ಶವರ್ ಬರುವುದಿಲ್ಲ ಎಂಬ ದೂರು ಖಚಿತ. ಮೀಟರ್ ಅಡ್ಡಲಾಗಿ, ಮುಖ ಮೇಲಕ್ಕಿರಲಿ. ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಎರಡೂ ಕಡೆ ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಹಾಕಿಸಿ, ಮೀಟರಿನ ಜಾಲರಿ ಬಿಚ್ಚಿ ತೊಳೆಯಬೇಕಾಗುತ್ತದೆ. ಬೋರ್‌ವೆಲ್ ನೀರಿನ ಮರಳು ಕಟ್ಟಿಕೊಂಡರೆ ಮೀಟರ್ ನಿಧಾನವಾಗುತ್ತದೆ. ಟ್ಯಾಂಕ್ ಪೂರ್ತಿ ಬರಿದಾಗಲು ಬಿಡಬೇಡಿ: ಪೈಪಿಗೆ ಹೊಕ್ಕ ಗಾಳಿಯನ್ನೂ ಮೀಟರ್ ಎಣಿಸುತ್ತದೆ, ಬಾಡಿಗೆದಾರರು ಅದಕ್ಕೂ ಹಣ ಕೊಟ್ಟಂತಾಗುತ್ತದೆ.

ಲೆಕ್ಕ ಹೀಗೆ: ಕಾವೇರಿ ಬಿಲ್ಲು, ಟ್ಯಾಂಕರ್, ಪಂಪಿನ ಕರೆಂಟ್ ಮೂರನ್ನೂ ಕೂಡಿಸಿ, ಎಲ್ಲ ಮೀಟರುಗಳ ಒಟ್ಟು ಲೀಟರಿನಿಂದ ಭಾಗಿಸಿ, ಬಂದ ದರವನ್ನು ಆಯಾ ಮನೆಯ ಬಳಕೆಗೆ ಗುಣಿಸಿ. ಸಂಪಿಗೆ ಬಂದ ನೀರಿಗೂ ಮೀಟರುಗಳ ಮೊತ್ತಕ್ಕೂ ತುಂಬಾ ಅಂತರ ಕಂಡರೆ ಸಂಪಿನ ಬಿರುಕನ್ನೂ ಟ್ಯಾಂಕ್ ತುಂಬಿ ಚೆಲ್ಲುವುದನ್ನೂ ಮೊದಲು ನೋಡಿ. ಆ ನಷ್ಟ ಬಾಡಿಗೆದಾರರದ್ದಲ್ಲ. ಮನೆಯೊಳಗಿನ ಸೋರಿಕೆ ಹಿಡಿಯಲು ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ ಮೀಟರಿನ ಪುಟ್ಟ ಚಕ್ರ ನೋಡಿದರೆ ಸಾಕು, ತಿರುಗುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ.

ಪ್ರತಿ ತಿಂಗಳ ಒಂದನೇ ತಾರೀಖು ಮೀಟರಿನ ಫೋಟೋ ತೆಗೆದು ಎಲ್ಲರಿಗೂ ವಾಟ್ಸಾಪ್ ಮಾಡಿ. ಮನೆ ಖಾಲಿ ಮಾಡುವ ದಿನ ಬಾಡಿಗೆದಾರರ ಎದುರೇ ಕೊನೆಯ ರೀಡಿಂಗ್ ಬರೆದುಕೊಂಡು, ಆಮೇಲೆ ಅಡ್ವಾನ್ಸ್ ಲೆಕ್ಕಕ್ಕೆ ಕೂರಿ.