ಗೋಬರ್ ಗ್ಯಾಸ್: ಕಬ್ಬಿಣದ ಡ್ರಮ್ಮೋ, ಗುಮ್ಮಟವೋ?

ಕೊಟ್ಟಿಗೆಯಲ್ಲಿ ನಾಲ್ಕೈದು ದನಗಳಿದ್ದರೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಘಟಕ ನಡೆಸಬಹುದು. ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು. ಯಾವ ಮಾದರಿ ಕಟ್ಟಿಸುವುದು ಎಂಬಲ್ಲೇ ಬಹಳ ಜನ ತಡವರಿಸುತ್ತಾರೆ.

ತೇಲುವ ಡ್ರಮ್ಮಿನದು ಹಳೆಯ ಖಾದಿ ಆಯೋಗದ ಮಾದರಿ. ಗ್ಯಾಸ್ ತುಂಬಿದಂತೆ ಡ್ರಮ್ ಮೇಲೇರುತ್ತದೆ, ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಒತ್ತಡ ಒಂದೇ ಸಮ ಇರುವುದರಿಂದ ಒಲೆ ಚೆನ್ನಾಗಿ ಉರಿಯುತ್ತದೆ. ಆದರೆ ಕಬ್ಬಿಣ ದುಬಾರಿ, ತುಕ್ಕು ಹಿಡಿಯುತ್ತದೆ. ಆಗಾಗ ಬಣ್ಣ ಬಳಿಯದಿದ್ದರೆ ತೂತು ಬೀಳುತ್ತದೆ.

1984ರಲ್ಲಿ ಬಂದ ದೀನಬಂಧು ಮಾದರಿ ನೆಲದೊಳಗಿನ ಇಟ್ಟಿಗೆ ಗುಮ್ಮಟ. ಖರ್ಚು ಕಡಿಮೆ, ತುಕ್ಕಿನ ಮಾತೇ ಇಲ್ಲ, ಮಣ್ಣಿನಡಿ ಇರುವುದರಿಂದ ಚಳಿಯ ಕಾಟವೂ ಕಡಿಮೆ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗ್ಯಾಸ್ ಸೋರುತ್ತದೆ. ಹಾಗಾಗಿ ಪಳಗಿದ ಗಾರೆಯವರು ಸಿಕ್ಕರಷ್ಟೇ ಇದನ್ನು ಆರಿಸಿ. ಸಿಕ್ಕರೆ ನನ್ನ ಮತ ಇದಕ್ಕೇ.

ಎರಡರಲ್ಲೂ ಹೊಲಕ್ಕೆ ಸಿಗುವುದು ಒಂದೇ: ಬಗ್ಗಡ, ಅಂದರೆ ಗ್ಯಾಸ್ ಬಿಟ್ಟ ಮೇಲೆ ಹೊರಬರುವ ಸಗಣಿ ನೀರು. ಬೆರಣಿ ತಟ್ಟಿ ಸುಟ್ಟರೆ ಸಗಣಿಯ ಸಾರಜನಕ ಹೊಗೆಯಾಗಿ ಹೋಗುತ್ತದೆ. ಘಟಕದಲ್ಲಿ ಅದು ಬಗ್ಗಡದಲ್ಲೇ ಉಳಿಯುತ್ತದೆ. ಇಂಧನವೂ ಸಿಕ್ಕಿತು, ರಾಗಿಗೆ ಗೊಬ್ಬರವೂ ಉಳಿಯಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಊರೊಟ್ಟಿನ ಘಟಕದಿಂದ ವಿದ್ಯುತ್ ತೆಗೆದಾಗಲೂ, ಸಗಣಿ ಕೊಟ್ಟ ಮನೆಗಳಿಗೆ ಬಗ್ಗಡ ವಾಪಸು ಹೋಗುತ್ತಿತ್ತು. ಬಗ್ಗಡವನ್ನು ಬಿಸಿಲಲ್ಲಿ ಒಣಗಿಸಬೇಡಿ, ಸಾರಜನಕ ಆರಿಹೋಗುತ್ತದೆ. ಗುಂಡಿಯಲ್ಲಿ ಒಣಕಸ, ತರಗೆಲೆಯೊಂದಿಗೆ ಬೆರೆಸಿ ನೆರಳು ಮಾಡಿ.