ಮಹಡಿಗೆ ಪ್ಲೈವುಡ್ಡೋ, ಹಲಗೆಯೋ, ಸಿಮೆಂಟ್ ಬೋರ್ಡೋ?

ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ಕಡೆ. ಕುಶಾಲನಗರದವರಿಗೆ ಮಹಡಿ ನೆಲದ ಈ ಹೋಲಿಕೆ ಅಷ್ಟಾಗಿ ಬೇಕಾಗದು, ಅಲ್ಲಿ ಮಳೆ ಕಮ್ಮಿ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕಕ್ಕಡದಲ್ಲಂತೂ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ.

ಮಹಡಿಯ ಹಳೆ ಹಲಗೆಯನ್ನು ಗೆದ್ದಲು ತಿಂದಿತ್ತು. ತೊಲೆ, ಹಲಗೆಯನ್ನು ಹೊರುವ ಜಂತೆ ಮಾತ್ರ ಗಟ್ಟಿ. ಎಲ್ಲವನ್ನೂ ಒಟ್ಟಿಗೆ ಮಾಡಿಸುವಷ್ಟು ದುಡ್ಡು ಇರಲಿಲ್ಲ. ಕೈಗೆ ಬಂದಂತೆ ಒಂದೊಂದು ಕೋಣೆಗೆ ಒಂದೊಂದು ಥರ ಹಾಕಿಸಿದೆವು. ಹಾಗಾಗಿ ಒಂದೇ ಸೂರಿನಡಿ ಹಲಗೆ, ಎರಡು ಥರದ ಪ್ಲೈವುಡ್, ಸಿಮೆಂಟ್ ಬೋರ್ಡ್, ಹೀಗೆ ನಾಲ್ಕು ಥರದ ನೆಲ ಮಳೆಗಾಲ ಕಂಡಿವೆ.

ಮೊದಲು ಸಿಲ್ವರ್ ಓಕ್ ಹಲಗೆ. ತೋಟದಲ್ಲೇ ಇದ್ದ ಮರ, 1 ಇಂಚು ದಪ್ಪಕ್ಕೆ ಕೊಯ್ಸಿದ್ದು. ನೋಡಲು ಬಹಳ ಚೆನ್ನ, ಬರಿಗಾಲಿಗೆ ಬೆಚ್ಚಗೆ. ಆದರೆ ಮಳೆಯಲ್ಲಿ ಹಿಗ್ಗಿ ಒಂದನ್ನೊಂದು ಒತ್ತುತ್ತವೆ. ಹುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದು ಬಿಸಿಲು ಬಿದ್ದರೆ ಕುಗ್ಗಿ, ನಡುವಿನ ಸಂದಿನಲ್ಲಿ ಕೆಳಗಿನ ಕೋಣೆಯ ದೀಪ ಕಾಣುತ್ತದೆ. ಮರ ಕೊರೆಯುವ ಕುಟ್ಟೆ ಹುಳದ ಕಾಟವೂ ಇದೆ. ಅಡಿಯಿಂದ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸಿದ ಮೇಲೆ ಸ್ವಲ್ಪ ವಾಸಿ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಕಿತ್ತು ಬದಲಾಯಿಸಬಹುದು. ಈ ಸುಖ ಉಳಿದ ಮೂರರಲ್ಲಿ ಇಲ್ಲ.

ಈಗ ಪ್ಲೈವುಡ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಎಲ್ಲರೂ ಕೇಳುವುದು ದಪ್ಪ ಎಷ್ಟು ಅಂತ. ನಾನು ಕೇಳುವುದು ಅಂಟು ಯಾವುದು ಅಂತ. ಕಟ್ಟಡದ ಭಾರ ಹೊರುವ ಪ್ಲೈವುಡ್‌ಗೆ ನಮ್ಮ ದೇಶದಲ್ಲಿ ಐಎಸ್ 10701 ಅಂತ ಬೇರೆ ಮಾನದಂಡವೇ ಇದೆ. ನಾನು ಹೋದ ಅಂಗಡಿಗಳಲ್ಲಿ ಅದನ್ನು ಇಟ್ಟವರು ಸಿಗಲಿಲ್ಲ. ಅವರು ತೋರಿಸುವುದು ಐಎಸ್ 303 ಮತ್ತು 710. 303ರಲ್ಲೇ ಎರಡು ಥರ: ಎಂಆರ್ (ತೇವ ತಡೆಯುವಂಥದ್ದು) ಮತ್ತು ಬಿಡಬ್ಲ್ಯೂಆರ್ (ಕುದಿಯುವ ನೀರು ತಡೆಯುವಂಥದ್ದು). ಕಮರ್ಷಿಯಲ್ ಅಂತ ಕೊಡುವುದು ಎಂಆರ್, ಅದರದು ಯೂರಿಯಾ ಅಂಟು. 710 ಅಂದರೆ ಮೆರೀನ್, ದೋಣಿ-ಹಡಗಿಗೆ ಬಳಸುವಂಥದ್ದು. ಅದರದು ಫೀನಾಲ್ ಅಂಟು, 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು ಅನ್ನುವುದು ಪರೀಕ್ಷೆ. ಬಿಡಬ್ಲ್ಯೂಆರ್‌ಗೆ ಕುದಿಸುವುದು 8 ಗಂಟೆ. ಎಂಆರ್‌ಗೆ ಕುದಿಯುವ ಪರೀಕ್ಷೆಯೇ ಇಲ್ಲ.

ನಾವು ಸ್ಟೋರ್ ರೂಮಿಗೆ ಎಂಆರ್, ಮಲಗುವ ಕೋಣೆಗೆ 710 ಹಾಕಿದೆವು. ಎರಡೂ 18 ಎಂಎಂ. ಹಾಕಿದ ಹೊಸತರಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮಳೆಗಾಲ ಮುಗಿಯುವಾಗ ಸ್ಟೋರ್ ರೂಮಿನ ಶೀಟ್‌ಗಳ ಅಂಚು ಉಬ್ಬಿತ್ತು, ಕಾಫಿ ಮೂಟೆ ಇಟ್ಟ ಜಾಗ ಬಗ್ಗಿತ್ತು. ಸೂರು ಎಲ್ಲೂ ಸೋರಿರಲಿಲ್ಲ, ಬರೀ ಥಂಡಿ ಗಾಳಿಗೇ ಹೀಗೆ. ಮಲಗುವ ಕೋಣೆಯದು ಅಲುಗಿಲ್ಲ.

ಹಾಕುವ ಕ್ರಮವೂ ಅಷ್ಟೇ ಮುಖ್ಯ. ಮೇಲ್ಪದರದ ಎಳೆ ಜಂತೆಗೆ ಅಡ್ಡವಾಗಿ ಓಡಬೇಕು, ಅಂದರೆ 8 ಅಡಿಯ ಉದ್ದ ಜಂತೆಗಳ ಮೇಲೆ ಅಡ್ಡ ಬೀಳಬೇಕು. ನಮ್ಮ ಜಂತೆಗಳ ನಡುವೆ 2 ಅಡಿ ಇತ್ತು. ನಡೆದರೆ ಶೀಟ್ ತೂಗುತ್ತಿತ್ತು, ಹಾಗಾಗಿ ನಡುವೆ ಒಂದೊಂದು ಜಂತೆ ಸೇರಿಸಿದೆವು. ಜಂತೆ ಮೇಲೆ ಅಂಟು ಹಚ್ಚಿ, ಮೊಳೆ ಬೇಡ, 2 ಇಂಚಿನ ಸ್ಕ್ರೂ. ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು. ಮೊಳೆ ಹೊಡೆದರೆ ಕಾಲಿಟ್ಟಾಗಲೆಲ್ಲ ಕಿರುಗುಟ್ಟುತ್ತದೆ. ಒಂದು ಸಾಲಿನ ಜೋಡಣೆ ಮುಂದಿನ ಸಾಲಿನದಕ್ಕೆ ನೇರ ಬರಬಾರದು. ಶೀಟ್‌ಗಳ ನಡುವೆ 3 ಎಂಎಂ ಸಂದು ಬಿಡಿ ಅಂದಾಗ ಆಚಾರಿಗೆ ಸಿಟ್ಟೇ ಬಂತು. "ಸಂದು ಬಿಟ್ರೆ ನನ್ನ ಕೆಲಸ ಸರಿಯಿಲ್ಲ ಅಂತಾರಲ್ಲ ಸಾರ್!" ಕೊನೆಗೆ ಬಿಟ್ಟರು. ಕತ್ತರಿಸಿದ ಅಂಚಿಗೆಲ್ಲ ಪೇಂಟ್ ಬಳಿಸಿದ್ದೂ ಒಳ್ಳೆಯದಾಯಿತು, ನೀರು ಕುಡಿಯುವುದು ಅಂಚೇ ಅಲ್ವಾ?

ಕೊನೆಯದು ಸಿಮೆಂಟ್ ಫೈಬರ್ ಬೋರ್ಡ್, ಬಚ್ಚಲಿನ ಪಕ್ಕದ ಜಾಗಕ್ಕೆ. ಗೆದ್ದಲು ಮೂಸಿಯೂ ನೋಡುವುದಿಲ್ಲ. ನೀರಿಗೆ ಹೆದರಿಕೆಯಿಲ್ಲ, ಮೇಲೆ ಟೈಲ್ಸ್ ಕೂರಿಸಬಹುದು. ಆದರೆ ಅಷ್ಟೇ ದಪ್ಪದ ಪ್ಲೈವುಡ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಕಡಿದಾದ ಮರದ ಏಣಿಯಲ್ಲಿ ಹತ್ತಿಸುವಾಗ ಎಲ್ಲರ ಸೊಂಟ ಹಿಡಿಯಿತು, ಒಂದರ ಮೂಲೆಯೂ ಮುರಿಯಿತು. ಮೊದಲೇ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಕೊಯ್ಯುವಾಗ ಏಳುವ ಧೂಳು ಎದೆಗೆ ಕೆಟ್ಟದ್ದು, ಮಾಸ್ಕ್ ಬೇಕೇ ಬೇಕು. ಮೇಲೆ ನಡೆದರೆ ಕೆಳಗಿನವರಿಗೆ ಟಕಟಕ ಸದ್ದು. ಅವ್ವನಿಗೆ ಅದರ ತಣ್ಣನೆಯ ಮೈ ಒಂಚೂರೂ ಹಿಡಿಸಲಿಲ್ಲ.

ನನ್ನ ಆಯ್ಕೆ ಕೇಳಿದರೆ, ಇರುವ ಕೋಣೆಗಳಿಗೆಲ್ಲ 710, ನೀರು ಬೀಳುವಲ್ಲಿ ಸಿಮೆಂಟ್ ಬೋರ್ಡ್. ಸ್ವಂತ ತೋಟದಲ್ಲಿ ಮರ ಇದ್ದು, ಸಂದು ಕಂಡರೆ ಬೇಜಾರಾಗದವರಿಗೆ ಹಲಗೆ. ಎಂಆರ್ ಅನ್ನು ಈ ಕಡೆಯ ನೆಲಕ್ಕೆ ಸುಮ್ನೆ ಕೊಟ್ಟರೂ ಬೇಡ.

ಅಂಗಡಿಯಲ್ಲಿ ಶೀಟ್ ಮೇಲಿನ ಐಎಸ್‌ಐ ಗುರುತಿನ ಜೊತೆ 710 ಅಂತ ಇದೆಯೇ ನೋಡಿ. ಮೆರೀನ್ ಅಂತ ಬಾಯಲ್ಲಿ ಹೇಳಿದ್ದು ಸಾಲದು. ಅಂಚು ನೋಡಿ, ಪದರಗಳ ನಡುವೆ ಟೊಳ್ಳು ಇದ್ದರೆ ಬೇಡ. ಬೆರಳಲ್ಲಿ ತಟ್ಟಿದರೂ ಸದ್ದಿನಲ್ಲೇ ಗೊತ್ತಾಗುತ್ತದೆ. ದಪ್ಪವನ್ನೂ ಅಳೆದು ತನ್ನಿ, 18 ಅಂತ ಬಿಲ್ ಹಾಕಿ 16 ಕೊಡುವವರು ಇದ್ದಾರೆ. ಬೇಸಿಗೆಯಲ್ಲಿ ಹಾಕಿಸುವುದಾದರೆ ಸಂದು ಬಿಡುವುದನ್ನು ಮಾತ್ರ ಮರೆಯಬೇಡಿ. ಮಳೆ ಬಂದಾಗ ಹಿಗ್ಗಲು ಜಾಗ ಇಲ್ಲದಿದ್ದರೆ 710 ಕೂಡ ಎದ್ದು ನಿಲ್ಲುತ್ತದೆ.